ಎರಡನೇ ಮಹಡಿಯ ಸೇತುವೆ

ನನ್ನ ನೆನಪಿನಲ್ಲಿ ಎರಡು ಸೇತುವೆಗಳಿವೆ. ಒಂದು, ಧನಕವಡಿಯಲ್ಲಿ ನಮ್ಮ ಮನೆಯ ಹತ್ತಿರ ದೊಡ್ಡ ರಸ್ತೆಯನ್ನು ದಾಟಲು ಇರುವ ಕಬ್ಬಿಣದ ಪಾದಚಾರಿ ಸೇತುವೆ. ಇನ್ನೊಂದು ಒಂದು ಕ್ಲಿನಿಕ್ಕಿನ ಎರಡನೇ ಮಹಡಿಯ ಕೋಣೆಯಲ್ಲಿತ್ತು. ಆ ಕೋಣೆಯಲ್ಲಿ ಎರಡು ಕುರ್ಚಿ, ಬೂದು ಬಣ್ಣದ ಕಾರ್ಪೆಟ್ಟು, ಒಂದು ಕಂಪ್ಯೂಟರು ಬಿಟ್ಟರೆ ಬೇರೇನೂ ಇರಲಿಲ್ಲ. ಎರಡರ ಮೇಲೂ ನಾನು ನಿಂತಿದ್ದೇನೆ. ಎರಡರ ಮೇಲೂ ಗಾಳಿ ಬೀಸುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಮುಚ್ಚಿದ ಕೋಣೆಯ ಸೇತುವೆಗೆ ಗಾಳಿ ಎಲ್ಲಿಂದ ಬಂತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಯಾವುದು ಎಲ್ಲಿ ನಡೆಯಿತು, ಯಾವುದು ನಡೆಯಲೇ ಇಲ್ಲ ಎಂಬುದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಹೇಳಬಲ್ಲವನಂತೆ ಬರೆದರೆ ಅದು ಮೊದಲ ಸುಳ್ಳಾಗುತ್ತದೆ.

ನಾನು ಭೌತಶಾಸ್ತ್ರದ ಮೇಷ್ಟ್ರು. ತುಮಕೂರಿನ ಕಡೆಯವನು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಯ ಜೂನಿಯರ್ ಕಾಲೇಜೊಂದರಲ್ಲಿ, ಮೇಲಿನಿಂದ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬ ಪಾಠವನ್ನು ವರ್ಷಕ್ಕೆ ನಾಲ್ಕು ಸೆಕ್ಷನ್ನುಗಳಿಗೆ ಮಾಡುತ್ತೇನೆ. ಬೋರ್ಡಿನ ಮೇಲೆ ಕಲ್ಲು ಬೀಳಿಸುವಾಗ ನನ್ನ ಕೈ ನಡುಗಿದ್ದಿಲ್ಲ. ಆದರೆ ಸ್ಟಾಫ್ ರೂಮು ಮೂರನೇ ಮಹಡಿಗೆ ಬದಲಾದ ದಿನ, ಎಲ್ಲರಿಗಿಂತ ಮೊದಲು ಹೋಗಿ ಕಿಟಕಿಗೆ ಬೆನ್ನು ಮಾಡಿದ ಕುರ್ಚಿಯನ್ನು ಹಿಡಿದಿದ್ದೆ. 'ಬೆಳಕು ಕಣ್ಣಿಗೆ ಹೊಡೆಯುತ್ತೆ' ಎಂದು ಕಾರಣ ಕೊಟ್ಟೆ. ಇಪ್ಪತ್ತು ವರ್ಷ ಇಂಥ ಕಾರಣಗಳಲ್ಲೇ ಕಳೆದುಹೋದವು. ಕೋಟೆ ಹತ್ತಲು ಕರೆದರೆ ಮಂಡಿನೋವು, ಯಾರಾದರೂ ಹೊಸ ಫ್ಲ್ಯಾಟಿನ ಬಾಲ್ಕನಿ ತೋರಿಸಿದರೆ ನೀರಡಿಕೆ. ಹೆದರಿಕೆ ಎಂಬ ಶಬ್ದವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಳಸಿದೆ.

ನನ್ನ ಹೆಂಡತಿ ಸುನಂದಾ ಮುಧೋಳ ಕಡೆಯವಳಾದರೂ ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಮಾವನವರಿಗೆ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿ. ಸುನಂದಾ ಕೆಲಸ ಮಾಡುವುದು ಹಿಂಜವಾಡಿಯಲ್ಲಿ. ಕಂಪನಿಯ ಕ್ಯಾಬು ಬೆಳಿಗ್ಗೆ ಏಳಕ್ಕೇ ಬಂದು ಕರೆದೊಯ್ಯುತ್ತದೆ. ಹಾಗಾಗಿ ಒಂದನೇ ಕ್ಲಾಸಿನ ಮಗಳು ಅನ್ವಿಯನ್ನು ಶಾಲೆಗೆ ಬಿಡುವ ಕೆಲಸ ನನ್ನದು. ಶಾಲೆ ರಸ್ತೆಯ ಆಚೆ, ಅಲ್ಲಿಗೆ ಹೋಗಲು ಆ ಕಬ್ಬಿಣದ ಸೇತುವೆ. ಕಂಬಿಗಳಿಂದ ದೂರ, ಅದರ ನಟ್ಟನಡುವೆ, ಮುಂದೆ ಹೋಗುವವರ ಬೆನ್ನನ್ನೇ ನೋಡುತ್ತ ದಾಟುತ್ತಿದ್ದೆ. ಮುಂದೆ ಯಾರೂ ಇಲ್ಲದಿದ್ದರೆ ಯಾರಾದರೂ ಬರುವವರೆಗೆ ಮೆಟ್ಟಿಲ ಬುಡದಲ್ಲಿ ನಿಂತು ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಅವಳು ಮಗ್ಗಿಯಲ್ಲಿ ಬಹಳ ಮುಂದಿದ್ದಳು.

ಜೂನ್ ತಿಂಗಳ ಒಂದು ಬೆಳಿಗ್ಗೆ ನಾವು ಸೇತುವೆಯ ಮಧ್ಯದಲ್ಲಿದ್ದಾಗ ಕೆಳಗೆ ಭಾರದ ಲಾರಿಯೊಂದು ಹೋಯಿತು. ಕಾಲಡಿಯ ತಗಡು ಗುಂಯ್ ಎಂದು ನಡುಗಿತು. ಆಮೇಲಿನದು ನನಗೆ ನೆನಪಿರುವುದು ಹೀಗೆ: ನಾನು ಕೂತುಬಿಟ್ಟೆ. ಕಿವಿ ಮುಚ್ಚಿದಂತಾಯಿತು. ಅನ್ವಿಯ ಕೈ ನನ್ನ ಕೈಯಲ್ಲೇ ಇತ್ತು, ಅವಳ ಬೆರಳು ಬೆವತು ಒದ್ದೆಯಾಗಿದ್ದವು. ಆದರೆ ನಮ್ಮಿಬ್ಬರನ್ನೂ ಕೆಳಗಿಳಿಸಿದವಳು ಮೆಟ್ಟಿಲ ಬಳಿ ಕೊತ್ತಂಬರಿ ಮಾರುವ ಹೆಂಗಸು. ಅವಳು ಸುನಂದಾಳಿಗೆ ಹೇಳಿದ್ದೇ ಬೇರೆ.

"ಎರಡೂ ಕೈಲೆ ಕಂಬ ತಬ್ಬಿಕೊಂಡು ಕೂತಿದ್ರಂತ ನೀವು," ಎಂದಳು ಸುನಂದಾ ಆ ಸಂಜೆ. "ಕೂಸು ಹತ್ತು ಹೆಜ್ಜಿ ಆಚೆ ಒಂದs ನಿಂತಿತ್ತಂತ."

"ಇಲ್ಲ. ನಾನು ಕೈ ಬಿಡಲೇ ಇಲ್ಲ."

"ಆಕಿ ಯಾಕ ಸುಳ್ಳ ಹೇಳ್ತಾಳ್ರಿ?"

"ಸುಳ್ಳು ಅಂತಲ್ಲ ಸುನಂದಾ. ಗಾಬರಿಯಲ್ಲಿ ನೋಡಿದವರ ನೆನಪು ನಂಬೋ ಹಾಗಿರಲ್ಲ. ಇದರ ಮೇಲೆ ಎಷ್ಟೋ ಪ್ರಯೋಗ—"

"ಮತ್ತ ಗಾಬರಿ ಆಗಿದ್ದು ಆಕಿಗೋ, ನಿಮಗೋ?"

ಅನ್ವಿಯನ್ನು ಕೇಳಿದೆ. "ಗೊತ್ತಿಲ್ಲ" ಎಂದು ತಟ್ಟೆಯಲ್ಲಿದ್ದ ಚಪಾತಿಯನ್ನು ಇನ್ನೂ ಸಣ್ಣ ತುಂಡು ಮಾಡತೊಡಗಿದಳು. ಆ 'ಗೊತ್ತಿಲ್ಲ'ವನ್ನು ನಾನು ಇನ್ನೂ ಬಿಡಿಸಿಲ್ಲ. ಬಿಡಿಸಲು ಧೈರ್ಯವಿಲ್ಲ.

ಮರುದಿನದಿಂದ ಮಾವನವರು ಅಂಗಡಿಗೆ ಹೋಗುವ ಮುಂಚೆ ಬಂದು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಅರ್ಧ ಮೈಲಿ ಸುತ್ತಿ, ಯೂ ಟರ್ನ್ ಹೊಡೆದು ಶಾಲೆಗೆ ಬಿಡತೊಡಗಿದರು. ನಾನು ಗೇಟಿನಲ್ಲಿ ನಿಂತು ಟಾಟಾ ಮಾಡುತ್ತಿದ್ದೆ. ಇದನ್ನು ನುಂಗಿಕೊಳ್ಳಬಹುದಿತ್ತು. ನುಂಗಲಾಗದೆ ಹೋದದ್ದು ಇನ್ನೊಂದು. ನಮ್ಮ ಸೊಸೈಟಿಯಲ್ಲಿ ಮಕ್ಕಳ ಜಾರುಬಂಡೆ ಇದೆ, ನನ್ನ ತಲೆಯಷ್ಟು ಎತ್ತರ. ಅದರ ಮೇಲೆ ಹೋಗಿ ಕೂತ ಅನ್ವಿ ಜಾರದೆ, ತಿರುಗಿ ಏಣಿ ಹಿಡಿದು ಇಳಿದು ಬಂದಳು. ಹಿಂದಿದ್ದ ಮಕ್ಕಳು ಕಿರುಚಿದವು. ಯಾಕೆ ಪುಟ್ಟಾ ಎಂದರೆ, "ಅಪ್ಪಗ ಹೆದರಿಕಿ ಅದ, ನನಗೂ ಅದ" ಎಂದಳು. ಅಳುತ್ತಿರಲಿಲ್ಲ. ನಮ್ಮಿಬ್ಬರ ಮೂಗೂ ಒಂದೇ ಥರ ಇದೆ ಎಂದು ನೆಂಟರ ಎದುರು ಹೇಳುವಾಗಿನ ಅದೇ ಹೆಮ್ಮೆ ದನಿಯಲ್ಲಿತ್ತು.

ಕ್ಲಿನಿಕ್ಕಿಗೆ ಹೋದದ್ದು ಆ ವಾರವೇ. ಎತ್ತರದ ಭಯಕ್ಕೆ ಕಣ್ಣಿಗೆ ಕಂಪ್ಯೂಟರಿನ ಕನ್ನಡಕ ಕಟ್ಟಿ, ಸುಳ್ಳು ಎತ್ತರ ತೋರಿಸಿ, ನಿಜ ಎತ್ತರಕ್ಕೆ ಒಗ್ಗಿಸುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಮಾವನವರಿಗೆ ಇದು ಬಹಳ ತಮಾಷೆ. "ಟಾಂಗಾದ ಕುದುರಿಗೆ ಕಣ್ಣಿಗೆ ಕಟ್ಟತಿದ್ರು ನೋಡು, ಅಂಥಾದ್ದೇನು? ಅದರ ಹೆದರಿಕಿ ಹೋಗತಿತ್ತು ಖರೆ. ಆದರ ಮುಂದ ಗಾಡಿನೂ ಎಳೀಬೇಕಾಗತಿತ್ತು." ನನಗೂ ನಂಬಿಕೆಯಿರಲಿಲ್ಲ. ಹುಸಿಯಿಂದ ಹುಸಿಯೇ ಹುಟ್ಟಬೇಕಲ್ಲವೇ ಎಂಬ ವಾದವನ್ನು ರಿಕ್ಷಾದಲ್ಲಿ ಇಡೀ ದಾರಿ ಮನಸ್ಸಿನಲ್ಲೇ ತಿದ್ದುತ್ತ ಹೋದೆ.

ಅಲ್ಲಿಯ ಕಾಯುವ ಕೋಣೆ ನನಗೆ ತುಂಬ ಇಷ್ಟವಾಯಿತು. ಯಾರೂ ಕೆಮ್ಮುತ್ತಿರಲಿಲ್ಲ, ಯಾರಿಗೂ ಬ್ಯಾಂಡೇಜು ಇರಲಿಲ್ಲ. ಎಲ್ಲರೂ ತಪ್ಪು ವಿಳಾಸಕ್ಕೆ ಬಂದವರಂತೆ ಕೂತಿದ್ದರು. ಪಕ್ಕದಲ್ಲಿ ಬಾಗಿಲಿನಷ್ಟು ಅಗಲದ, ಹುರಿ ಮೀಸೆಯ ಮನುಷ್ಯ. ನೆಲ ನೋಡುತ್ತಲೇ ಮರಾಠಿಯಲ್ಲಿ ಪಿಸುಗುಟ್ಟಿದ: "ತುಮ್ಚಂ ಕಾಯ್?" ನಿಮ್ಮದೇನು ಎಂದು. "ಎತ್ತರ" ಎಂದೆ. ಆತ ಗೌರವದಿಂದ ತಲೆಯಾಡಿಸಿದ. "ನನ್ನದು ಹಲ್ಲಿ," ಎಂದು ಗೋಡೆಯ ಮೇಲಿನ ಟ್ಯೂಬ್‌ಲೈಟಿನ ಹಿಂಭಾಗವನ್ನು ಒಮ್ಮೆ ಪರೀಕ್ಷಿಸಿದ. "ಹೆಂಡತಿ ಚಪ್ಪಲಿಯಲ್ಲಿ ಹೊಡೆದು ಸಾಯಿಸ್ತಾಳೆ. ಅಲ್ಲೀವರೆಗೆ ನಾನು ಮಂಚದ ಮೇಲೆ." ಇಬ್ಬರೂ ನಗಲಿಲ್ಲ. ಅಲ್ಲಿಗೆ ಹೋಗುವ ತನಕ ಇಂಥ ಮಾತನ್ನು ನಗದೆ ಕೇಳುವ ಇನ್ನೊಬ್ಬ ಗಂಡಸು ಇದ್ದಾನೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಆತನ ಹೆಸರು ಕರೆದರು. ಆತ ಎದ್ದು, ನನ್ನ ಭುಜ ತಟ್ಟಿ, ಗಲ್ಲಿಗೆ ಹೋಗುವವನಂತೆ ಒಳಗೆ ಹೋದ.

ಚಿಕಿತ್ಸೆ ಕೊಟ್ಟವರು ಐವತ್ತರ ಸುಮಾರಿನ ಮರಾಠಿ ಮೇಡಂ. ನನ್ನ ವಾದವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಕೇಳಿ, "ಸರಿ ಸರ್, ನಂಬಬೇಡಿ. ನಿಮ್ಮ ಮಂಡಿ ನಂಬಿದರೆ ಸಾಕು" ಎಂದು ಕನ್ನಡಕ ತೊಡಿಸಿದರು. ಈಜುಗಾರರ ಕನ್ನಡಕಕ್ಕೆ ಸೀಸ ತುಂಬಿದಂತೆ ಭಾರ. ಅದಕ್ಕೆ ಯಾರದ್ದೋ ಪೌಡರಿನ ವಾಸನೆ. ನನ್ನ ಮುಂಚಿನವರು ಯಾವುದಕ್ಕೆ ಹೆದರುತ್ತಿದ್ದರೋ. ಸೊನ್ನೆಯಿಂದ ನೂರರವರೆಗೆ ಭಯ ಎಷ್ಟಿದೆ ಎಂದು ಆಗಾಗ ಹೇಳಬೇಕು ಎಂದರು. ಅಂಕಿ ಎಂದೊಡನೆ ನನಗೆ ಸ್ವಲ್ಪ ಸಮಾಧಾನವಾಯಿತು.

ಗಾಜಿನ ಲಿಫ್ಟು ಸದ್ದಿಲ್ಲದೆ ಮೇಲೇರಿತು. ಸಂಜೆಯ ಬೆಳಕು, ಆದರೆ ಸೂರ್ಯ ಎಲ್ಲೂ ಇಲ್ಲ. ಕೆಳಗಿನ ಊರು ಆಗತಾನೇ ಒಗೆದು ಇಸ್ತ್ರಿ ಮಾಡಿದಂತಿತ್ತು. ಒಂದು ನಾಯಿಯಿಲ್ಲ, ತಂತಿಯ ಮೇಲೊಂದು ಬಟ್ಟೆಯಿಲ್ಲ. ಹನ್ನೆರಡನೇ ಮಹಡಿಯಲ್ಲಿ ಬಾಗಿಲು ತೆರೆದು, ಎದುರಿನ ಕಟ್ಟಡಕ್ಕೆ ಹೋಗುವ ಕಿರಿದಾದ ಸೇತುವೆ ಕಂಡಿತು. "ಇದು ಕಾರ್ಟೂನ್" ಎಂದೆ ಜೋರಾಗಿ. ಹೇಳುತ್ತಿದ್ದಂತೆ ಮಂಡಿ ಮಡಚಿ ಕಾರ್ಪೆಟ್ಟಿನ ಮೇಲೆ ಕೂತಿದ್ದೆ.

"ಎಷ್ಟು?" ಎಂದು ಆಕಾಶದಿಂದ ದನಿ ಬಂತು.

"ತೊಂಬತ್ತು."

"ಕಾರ್ಟೂನಿಗೆ ತೊಂಬತ್ತು. ಪರವಾಗಿಲ್ಲ."

ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಮುಗಿಸಿ ಹೊರಗೆ ಬಂದಾಗ ಸ್ವಲ್ಪ ಹೊತ್ತು ಪುಣೆಯೇ ಹುಸಿಯೆನಿಸುತ್ತಿತ್ತು. ರಿಕ್ಷಾಗಳು ಯಾರೋ ಎಳೆದುಬಿಟ್ಟ ಗೆರೆಗಳ ಮೇಲೆ ತೇಲುತ್ತಿದ್ದವು. ಎದುರಿನ ಗಿರಣಿಯಿಂದ ಬರುತ್ತಿದ್ದ ಹಿಟ್ಟಿನ ದೂಳು ಬಿಸಿಲಿನಲ್ಲಿ ನಿಂತೇ ಇರುತ್ತಿತ್ತು. ಗೋಡೆಯನ್ನು ಮುಟ್ಟಿ ನೋಡಿಕೊಂಡು ನಡೆಯುತ್ತಿದ್ದೆ. ಒಂದು ಮಧ್ಯಾಹ್ನ ಬಸ್ಸಿನಲ್ಲಿ ಕಿಟಕಿಯಾಚೆ ಹನ್ನೆರಡನೇ ಮಹಡಿಯ ಆ ಸೇತುವೆ ಕಂಡಂತಾಯಿತು. ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಯಂತೆ ಎರಡು ಕಟ್ಟಡಗಳ ನಡುವೆ ಹಗುರವಾಗಿ ತೂಗುತ್ತಿತ್ತು. ಹೆದರಿಕೆಯಾಗಲಿಲ್ಲ. ಎಚ್ಚರವಾಗಿದ್ದೆನೋ ಇಲ್ಲವೋ.

ಎಲ್ಲ ತಿರುಗಿದ್ದು ಒಂದು ಶಬ್ದದಿಂದ. ನಾಲ್ಕನೇ ದಿನವಿರಬೇಕು. ಸೇತುವೆಯ ಮಧ್ಯಕ್ಕೆ ಬಂದಿದ್ದೆ, ಆದರೆ ಎದುರಿನ ಬಾಗಿಲನ್ನೇ ನೋಡುತ್ತ. ಅಲ್ಲಿಯವರೆಗೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಮೇಡಂ, ಮಗುವಿಗೆ ಊಟ ಮಾಡಿಸುವವರ ದನಿಯಲ್ಲಿ ಮರಾಠಿಗೆ ಇಳಿದರು: "ಆತಾ ಖಾಲಿ ಬಘಾ."

ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಈಗ ಕೆಳಗೆ ನೋಡಿ ಎಂದರು ಅವರು. ಇದು ನನಗೆ ಗೊತ್ತಿಲ್ಲದ್ದಲ್ಲ. ಹನ್ನೊಂದು ವರ್ಷದಿಂದ ಕಂಡಕ್ಟರು, ತರಕಾರಿಯವರು, ಲಿಫ್ಟಿನವರು ದಿನಾ ಹೇಳುವ ಮಾತು. ಆದರೆ ಆ ಹೊತ್ತಿನಲ್ಲಿ ನನ್ನ ಕಿವಿ ತುಮಕೂರಿನದಾಗಿತ್ತು. ನನಗೆ ಕೇಳಿಸಿದ್ದು: ಈಗ ಖಾಲಿಯನ್ನು ನೋಡಿ.

ಖಾಲಿಯನ್ನು ಹುಡುಕಿದೆ. ಎಲ್ಲಿದೆ ಎಂದು ತಲೆ ಬಗ್ಗಿಸಿದೆ. ನನಗೂ ಆ ಇಸ್ತ್ರಿ ಮಾಡಿದ ರಸ್ತೆಗೂ ನಡುವೆ ಅದು ಇತ್ತು. ಹನ್ನೆರಡು ಮಹಡಿಯಷ್ಟು ಆಳದ, ಯಾರೂ ಬಳಸದ ಜಾಗ. ಇಷ್ಟು ವರ್ಷ ನಾನು ಅದರಾಚೆಯ ನೆಲಕ್ಕೆ ಹೆದರಿದ್ದೆ. ನಡುವಿನದನ್ನು ನೋಡಿಯೇ ಇರಲಿಲ್ಲ. ಅದು ನನ್ನನ್ನು ಎಳೆಯುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ತೊಳೆದಿಟ್ಟ ಪಾತ್ರೆಯ ಒಳಗಿನಷ್ಟು ಶಾಂತವಾಗಿತ್ತು. ಎಷ್ಟು ಹೊತ್ತು ನೋಡುತ್ತ ನಿಂತೆನೋ. ಗಾಳಿ ಬೀಸಿದ್ದು ಆಗಲೇ ಎಂದು ನನ್ನ ನೆನಪು.

"ಎಷ್ಟು?"

"ನಲವತ್ತು."

ಕನ್ನಡಕ ತೆಗೆದಾಗ ಮೇಡಂ ಹಿಗ್ಗಿದ್ದರು. ಮುಂದಿನ ಸಲ ತಡೆಯಲಾರದೆ ನಿಜ ಹೇಳಿದೆ. ಅವರು ಕುರ್ಚಿಯ ಕೈ ಹಿಡಿದು ನಕ್ಕರು. "ಅಯ್ಯೋ ದೇವಾ, ನಾನು ಖಾಲಿ ಅಂದ್ರೆ ನೀವು ಖಾಲಿ ನೋಡಿದ್ರಾ!" ಆಮೇಲೆ ನಗು ನಿಲ್ಲಿಸಿ, ಫೈಲಿನಲ್ಲಿ ಏನೋ ಹೊಡೆದುಹಾಕಿ ಗಂಭೀರವಾದರು. "ಹಾಗಾದರೆ ನೀವು ಇನ್ನೂ ಕೆಳಗೆ ನೋಡಿಲ್ಲ, ಸರ್. ಕಣ್ಣು ತೆರೆದುಕೊಂಡೇ ಮುಚ್ಚಿಕೊಳ್ಳೋ ಉಪಾಯ ಕಂಡುಹಿಡಿದಿದೀರಿ. ಚೆನ್ನಾಗಿದೆ. ಆದರೆ ನಿಮ್ಮ ಮಗಳ ಜೊತೆ ನಿಜವಾದ ಸೇತುವೆ ಮೇಲೆ ಅದು ಸಾಲದು."

ನನಗೆ ಅವಮಾನವಾಯಿತು. ನನ್ನ ಬದುಕಿನ ಒಂದೇ ಒಂದು ಸಾಕ್ಷಾತ್ಕಾರವನ್ನು ಅವರು ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆ ನೋಡಿದ್ದರು. ಆದರೆ ಒಪ್ಪಬೇಕಾಯಿತು. ಅಲ್ಲಿಂದ ಹೊಸ ನಿಯಮ ಬಂತು: ಪ್ರತಿ ಸಲ ಕೆಳಗೆ ನೋಡಿದಾಗ ಅಲ್ಲಿಂದ ಒಂದು ವಸ್ತುವನ್ನು ಹೆಸರು ಹೇಳಿ ತರಬೇಕು. ಕೆಂಪು ಕಾರು. ಹಸಿರು ಕಸದ ಡಬ್ಬ. ಪಟ್ಟೆಪಟ್ಟೆ ಛಾವಣಿ. ಒಂದೊಂದು ವಸ್ತುವನ್ನು ಹನ್ನೆರಡು ಮಹಡಿ ಎತ್ತಿ ತರುವಾಗ ಬೆನ್ನು ಬೆವರುತ್ತಿತ್ತು. ಅರವತ್ತು, ಎಪ್ಪತ್ತು, ಮತ್ತೆ ಐವತ್ತು. ಸೆಪ್ಟೆಂಬರಿನ ಹೊತ್ತಿಗೆ ಇಪ್ಪತ್ತೈದಕ್ಕೆ ಬಂದು ಅಲ್ಲೇ ನಿಂತಿತು. "ಅದು ಇರಲಿ," ಎಂದರು ಮೇಡಂ, "ಇಪ್ಪತ್ತೈದು ನನಗೂ ಇದೆ."

ದಸರೆಯ ಹಿಂದಿನ ವಾರ ನಾನೇ ಅನ್ವಿಯನ್ನು ಕರೆದೊಯ್ಯುತ್ತೇನೆ ಎಂದೆ. ಸುನಂದಾ ಆ ದಿನ ಕ್ಯಾಬು ಬಿಟ್ಟಳು. ಮಾವನವರೂ ಸ್ಕೂಟರು ತಂದು, ರಸ್ತೆಯ ಈ ಬದಿಯಲ್ಲಿ ನಿಲ್ಲಿಸಿ, ಪೇಪರು ಓದುವ ನಾಟಕ ಮಾಡುತ್ತ ನಿಂತರು.

"ಪಪ್ಪಾ, ಪೇಪರ್ ಉಲ್ಟಾ ಹಿಡದೀರಿ," ಎಂದಳು ಸುನಂದಾ.

"ನನಗ ಹಂಗs ಓದಾಕ ಬರ್ತದ. ನೀ ಸುಮ್ನಿರು."

ಮೆಟ್ಟಿಲ ಬುಡದಲ್ಲಿ ಅನ್ವಿ ನಿಂತಳು. "ಅಪ್ಪಾ, ಯಾವ ಮಗ್ಗಿ?" ಎಂದಳು.

"ಇವತ್ತು ಮಗ್ಗಿ ಬೇಡ. ಹೋಗೋಣ."

ಮುಂದೆ ಯಾರ ಬೆನ್ನೂ ಇರಲಿಲ್ಲ. ಅವಳ ಕೈ ಹಿಡಿದಿದ್ದೆ. ಮಧ್ಯಕ್ಕೆ ಬಂದಾಗ ತಗಡು ನಡುಗಿತು. ಅವಳು ನಿಂತುಬಿಟ್ಟಳು. ಓಡಬೇಕೋ ಕೂರಬೇಕೋ ಎಂದು ನನ್ನ ಮುಖವನ್ನೇ ನೋಡಿದಳು. ಏನು ಮಾಡಬೇಕೆಂದು ಅವಳು ನನ್ನಿಂದ ಕಾಪಿ ಮಾಡಿಕೊಳ್ಳಲು ಕಾಯುತ್ತಿದ್ದಾಳೆ ಎಂಬುದು ನನಗೆ ಅಷ್ಟು ಸ್ಪಷ್ಟವಾಗಿ ತಿಳಿಯಿತು. ನಾನು ಕಂಬಿಯ ಹತ್ತಿರ ಹೋಗಿ ಕೆಳಗೆ ನೋಡಿದೆ.

"ಅಪ್ಪಾ, ಕೈ ನೋಯ್ತದ."

ಸಡಿಲ ಬಿಟ್ಟೆ. ಅವಳು ಕೈ ಬಿಡಿಸಿಕೊಂಡು ಆಚೆ ಬದಿಯ ಕಂಬಿಗೆ ಹೋಗಿ, ಶಾಲೆಯ ಗೇಟಿನತ್ತ ನೋಡಿ ಯಾರದೋ ಹೆಸರು ಕೂಗಿದಳು. ಬೆನ್ನು ನನ್ನ ಕಡೆಗಿತ್ತು. ಆಮೇಲೆ ನನಗಾಗಿ ಕಾಯದೆ ಮೆಟ್ಟಿಲ ಕಡೆ ಓಡಿದಳು. ಬ್ಯಾಗು ಬೆನ್ನಿನ ಮೇಲೆ ಎಗರುತ್ತಿತ್ತು.

ನಾನು ಆಗ ಕೆಳಗೆ ಕಂಡದ್ದು ಇದು: ಕಾತ್ರಜ್ ಕಡೆಯಿಂದ ನಿಧಾನವಾಗಿ ಬರುತ್ತಿದ್ದ ಒಂದು ಟೆಂಪೊ. ಅದರ ತುಂಬ ಚೆಂಡುಹೂ, ಮೇಲೊಂದು ಹಸಿರು ಬಲೆ. ಆ ಕಿತ್ತಳೆ ಗುಡ್ಡದ ಮೇಲೆ ಕೈಕಾಲು ಚಾಚಿ, ಮುಖ ಆಕಾಶಕ್ಕೆ ಮಾಡಿ ಒಬ್ಬ ಮನುಷ್ಯ ಮಲಗಿದ್ದ. ಟೆಂಪೊ ನನ್ನ ಕಾಲಡಿಗೆ ಬಂತು, ಕಾಣೆಯಾಯಿತು. ಆ ಮನುಷ್ಯ ಕಣ್ಣು ತೆರೆಯಲಿಲ್ಲ.

ಸಂಜೆ ಹೇಳಿದಾಗ ಸುನಂದಾ ನಕ್ಕಳು. "ನಿಮ್ಮ ಆ ಕಣ್ಣಿಗೆ ಕಟ್ಟೂ ಡಬ್ಬಿಯೊಳಗಿಂದಿರಬೇಕ್ರಿ ಅದು. ಭಾಳ ಚಂದ ಅದ."

"ಡಬ್ಬಿಯೊಳಗೆ ಮನುಷ್ಯರೇ ಇಲ್ಲ."

"ಹಂಗಾರ ಕನಸು."

ಮಾವನವರು ನಲವತ್ತು ವರ್ಷ ಯಾರ್ಡಿನಲ್ಲಿ ಕಳೆದವರು. ಅವರು ಇನ್ನೂ ಖಡಾಖಂಡಿತ: "ಹೂವಿನ ಮ್ಯಾಲೆ ಯಾರಿಗೆ ಮಲಗಾಕ ಬಿಡ್ತಾರೋ ಮಾಸ್ತರ? ಹೂ ಜಜ್ಜಿ ಹೋಗಂಗಿಲ್ಲೇನು? ಕಣ್ಣು ಮುಚ್ಚಿ ದಾಟಿದ್ರ ದಾಟಿದ್ನಿ ಅನ್ನು. ಅದಕೇನು, ದಾಟಿದಿ. ಸಾಕು."

ಮಗಳಿಗೆ ಅಷ್ಟು ಸಾಕಾಗಿತ್ತು. ಆ ಭಾನುವಾರ ಜಾರುಬಂಡೆಯಲ್ಲಿ ಅವಳು ತಲೆ ಕೆಳಗಾಗಿ ಜಾರಿದಳೆಂದು ಸೊಸೈಟಿಯ ಸೆಕ್ರೆಟರಿಯಿಂದ ದೂರು ಬಂತು. ಆದರೆ ನನಗೆ ಸಾಕಾಗಲಿಲ್ಲ. ಒಮ್ಮೆ ನಾನು ಕೈ ಬಿಟ್ಟಿಲ್ಲ ಎಂದು ಹೇಳಿದವನು. ಆ ಹೇಳಿಕೆಯ ಗತಿ ಏನಾಯಿತೆಂದು ಗೊತ್ತಿದೆ. ಕಣ್ಣು ಮುಚ್ಚಿ, ಒಳಗೊಂದು ಚೆಂದದ ಚಿತ್ರ ಬಿಡಿಸಿಕೊಂಡು, ಅದನ್ನೇ ಕಂಡೆ ಎನ್ನುತ್ತಿದ್ದರೆ, ಮಗಳ ಕೈಯನ್ನು ಸಡಿಲ ಬಿಟ್ಟ ಮನುಷ್ಯ ಆ ಹೊತ್ತಿನಲ್ಲಿ ಏನೂ ಕಾಣದವನಾಗಿದ್ದ ಎಂದಾಯಿತು. ಅನ್ವಿಯನ್ನು ಕೇಳಿ ಪ್ರಯೋಜನವಿರಲಿಲ್ಲ. ಅವಳು ಆಚೆ ಬದಿ ನೋಡುತ್ತಿದ್ದಳು.

ಆಯುಧಪೂಜೆಯ ಬೆಳಿಗ್ಗೆ ಅಂಗಡಿಯ ತಕ್ಕಡಿಗೆ ಹೂ ತರಲು ಮಾವನವರ ಜೊತೆ ಯಾರ್ಡಿನ ಹೂವಿನ ಬದಿಗೆ ಹೋದೆ. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಎಲ್ಲ ಕಡೆ ಕಿತ್ತಳೆ, ಅದರ ನಡುವೆ ಜನರ ತಲೆಗಳು ಮಾತ್ರ ತೇಲುತ್ತಿದ್ದವು. ಟೆಂಪೊ ಖಾಲಿ ಮಾಡುತ್ತಿದ್ದ ಒಬ್ಬ ಹಮಾಲನನ್ನು ನಿಲ್ಲಿಸಿದೆ. ಉತ್ತರವನ್ನು ಪ್ರಶ್ನೆಯಲ್ಲೇ ಇಡಬಾರದೆಂದು ಎಚ್ಚರ ವಹಿಸಿ, ಮಲಗುವ ಮಾತೇ ಎತ್ತದೆ, ಇಷ್ಟೇ ಕೇಳಿದೆ: ದಾರಿಯಲ್ಲಿ ಗಾಳಿಗೆ ಈ ಬಲೆ ಹಾರಿಹೋಗುವುದಿಲ್ಲವೇ?

ಆತ ನನ್ನನ್ನೂ ಮಾವನವರನ್ನೂ ನೋಡಿ, ಬುಟ್ಟಿ ಇಳಿಸಿ, ಮರಾಠಿಯಲ್ಲಿ ಹೇಳಿದ. ಹಗ್ಗ ಬಿಗಿದರೆ ಹೂ ಕೊಯ್ದುಹೋಗುತ್ತದೆ, ಅದಕ್ಕೇ ಬಲೆಯ ಮೇಲೆ ನಮ್ಮಲ್ಲೊಬ್ಬ ಅಂಗಾತ ಮಲಗಿಕೊಂಡು ಬರುತ್ತಾನೆ.